ಡಾಟ್ಸನ್ 280ಝಡ್: ಹಳೆಯ ಮ್ಯಾನಿಫೋಲ್ಡ್ ಉಳಿಸಿಕೊಳ್ಳಬೇಕೆ, ಆರು ಥ್ರಾಟಲ್ ಹಾಕಬೇಕೆ?

1975–78ರ 280ಝಡ್‌ನ ಎಲ್28 ಎಂಜಿನ್‌ಗೆ ಗಾಳಿ ಹೆಚ್ಚು ಸರಾಗವಾಗಿ ಒದಗಿಸಲು ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮೂಲ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಬಾಯಿ ಅಗಲಿಸಿ, ಅಡಾಪ್ಟರ್ ಪ್ಲೇಟ್ ಮೂಲಕ ನಿಸಾನ್ 240ಎಸ್ಎಕ್ಸ್‌ನ 60 ಮಿ.ಮೀ. ಥ್ರಾಟಲ್ (ಪೆಡಲ್ ಒತ್ತಿದಂತೆ ತೆರೆದು ಗಾಳಿ ಬಿಡುವ ಕವಾಟ) ಕೂರಿಸುವುದು. ಮೂಲದ್ದು 50 ಮಿ.ಮೀ., ಹಾಗಾಗಿ ದ್ವಾರದ ವಿಸ್ತೀರ್ಣ ಶೇ 44 ಹೆಚ್ಚುತ್ತದೆ. ಆದರೆ ಶಕ್ತಿ ಅಷ್ಟು ಏರುವುದಿಲ್ಲ: ಗಾಳಿ ಅಳೆಯುವ ಏರ್‌ಫ್ಲೋ ಮೀಟರ್‌ನ ರೆಕ್ಕೆ ದಾರಿಗಡ್ಡವಾಗಿ ಅಲ್ಲೇ ಇರುತ್ತದೆ. ಪೆಡಲ್ ಚುರುಕಾಗುತ್ತದೆ, ನಿಧಾನ ಟ್ರಾಫಿಕ್‌ನಲ್ಲಿ ತುಸು ಜಗ್ಗುತ್ತದೆ. ಹಳೆಯ ಇಸಿಯುಗೆ (ಪೆಟ್ರೋಲ್ ಲೆಕ್ಕ ಹಾಕುವ ಕಂಪ್ಯೂಟರ್) ಐಡಲ್ (ಪೆಡಲ್ ಒತ್ತದ ಸ್ಥಿತಿ) ಮತ್ತು ಫುಲ್ ಥ್ರಾಟಲ್ ತಿಳಿಸುವ ಸ್ವಿಚ್ ಬೇಕೇ ಬೇಕು, ಅದನ್ನು ಹೊಸ ಥ್ರಾಟಲ್‌ಗೆ ಹೊಂದಿಸಿಕೊಳ್ಳಿ.

ಎರಡನೆಯದು, ಸಿಲಿಂಡರ್‌ಗೊಂದರಂತೆ ಆರು ಥ್ರಾಟಲ್. ಪ್ರತಿಕ್ರಿಯೆ ಅದ್ಭುತ, ಸದ್ದಂತೂ ಕೇಳುತ್ತಲೇ ಇರಬೇಕು ಅನಿಸುತ್ತದೆ. ಆದರೆ ಏರ್‌ಫ್ಲೋ ಮೀಟರ್ ತೆಗೆದು, ಥ್ರಾಟಲ್ ಕೋನ ನೋಡಿ ಪೆಟ್ರೋಲ್ ಲೆಕ್ಕ ಹಾಕುವ ಸ್ಟ್ಯಾಂಡ್‌ಅಲೋನ್ ಇಸಿಯು (ಮೂಲದ್ದರ ಬದಲಿಗೆ ಹಾಕುವ, ನಮಗೆ ಬೇಕಾದಂತೆ ಹೊಂದಿಸಬಹುದಾದದ್ದು) ಹಾಕಿ ಟ್ಯೂನ್ ಮಾಡಿಸಬೇಕು. ಆರೂ ರನ್ನರ್‌ಗಳಿಂದ (ಪ್ರತಿ ಸಿಲಿಂಡರ್‌ಗೆ ಗಾಳಿ ಒಯ್ಯುವ ದಾರಿ) ಸಣ್ಣ ಕೊಳವೆ ಎಳೆದು ಒಂದು ವ್ಯಾಕ್ಯೂಮ್ ಚೇಂಬರ್‌ಗೆ ಸೇರಿಸಿ. ಇಲ್ಲದಿದ್ದರೆ ವ್ಯಾಕ್ಯೂಮ್‌ನಿಂದ ಕೆಲಸ ಮಾಡುವ ಬ್ರೇಕ್ ಬೂಸ್ಟರ್‌ಗೆ ಬಲ ಸಾಲದು. ಪ್ರತಿ ಥ್ರಾಟಲ್‌ನ ಗಾಳಿ ಅಳೆಯುವ ಸಿಂಕ್ರೋಮೀಟರ್ ಹಿಡಿದು ಆರನ್ನೂ ಸಮ ಮಾಡದಿದ್ದರೆ ಐಡಲ್ ನಿಲ್ಲದು.

ಎರಡರಲ್ಲೂ ಕೈಕೊಡುವ ಜಾಗ ಒಂದೇ. ಈ ಎಂಜಿನ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಒಂದೇ ಬದಿಗಿವೆ, ಗ್ಯಾಸ್ಕೆಟ್ ಒಂದೇ, ಹಲವು ಕಡೆ ಒಂದೇ ದಪ್ಪ ವಾಷರ್ ಎರಡೂ ಮ್ಯಾನಿಫೋಲ್ಡ್‌ಗಳ ಫ್ಲ್ಯಾಂಜ್‌ಗಳನ್ನು (ಎಂಜಿನ್‌ಗೆ ಕೂರುವ ಅಂಚು) ಒತ್ತುತ್ತದೆ. ಹೆಡರ್ (ಬದಲಿ ಎಕ್ಸಾಸ್ಟ್ ಕೊಳವೆಗಳು) ಹಾಕಿದಾಗ ಫ್ಲ್ಯಾಂಜ್ ದಪ್ಪ ಬೇರೆಯಾದರೆ ವಾಷರ್ ಓರೆ ಕೂತು, ತೆಳ್ಳಗಿನ ಕಡೆ ಗಾಳಿ ಸೋರುತ್ತದೆ. ಕ್ಯಾಲಿಪರ್‌ನಲ್ಲಿ ಅಳೆದು ವಾಷರ್‌ಗೆ ಮೆಟ್ಟಿಲು ಕೊರೆಸಿ, ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ ಬಿಗಿಯಿರಿ. ಸೋರಿಕೆ ಹುಡುಕಲು ಉರಿಯುವ ಸ್ಪ್ರೇ ಬೇಡ, ಕೆಳಗೇ ಕಾದ ಎಕ್ಸಾಸ್ಟ್ ಇದೆ. ಹೊಗೆ ಯಂತ್ರ ಬಳಸಿ.

ದಿನವೂ ಓಡಿಸುವ ಕಾರಿಗೆ ನಮ್ಮ ಸಲಹೆ ಮೊದಲನೆಯದೇ. ಕ್ಯಾಮ್ (ವಾಲ್ವ್ ತೆರೆಯುವ ದಂಡ), ಸಿಲಿಂಡರ್ ಹೆಡ್ ಕೆಲಸವೂ ಆಗಿದ್ದರೆ ಮಾತ್ರ ಆರು ಥ್ರಾಟಲ್‌ಗೆ ಹಣ ಹಾಕಿ.