ಗೋಲ್‌ಕೀಪರ್‌ಗಳಿಗೆಂದೇ ಇರುವ ಐಸ್ ಹಾಕಿ ತರಬೇತಿ ಕೇಂದ್ರ: ಒಂದು ಋತು ಮುಗಿದ ಮೇಲಿನ ಅಭಿಪ್ರಾಯ

ಟೊರಾಂಟೊದ ಪಶ್ಚಿಮಕ್ಕೆ, ಮಿಸ್ಸಿಸಾಗಾ ಮತ್ತು ಬ್ರಾಂಪ್ಟನ್ ಕಡೆಯ ಗೋದಾಮುಗಳ ಸಾಲಿನಲ್ಲಿ, ಐಸ್ ಹಾಕಿಯ ಗೋಲ್‌ಕೀಪರ್‌ಗಳಿಗೆ ಮಾತ್ರ ತರಬೇತಿ ಕೊಡುವ ಕೇಂದ್ರವೊಂದಿದೆ. ಹದಿಮೂರು ವರ್ಷದೊಳಗಿನವರ ತಂಡದಲ್ಲಿ ಗೋಲು ಕಾಯುವ ನನ್ನ ಮಗಳು ಕಳೆದ ಋತುವಿನುದ್ದಕ್ಕೂ ಅಲ್ಲಿ ವಾರಕ್ಕೊಂದು ತರಗತಿಗೆ ಹೋದಳು; ಬೇಸಿಗೆಯಲ್ಲಿ ಅವರು ನಡೆಸುವ ಶಿಬಿರಕ್ಕೂ ಸೇರಿದ್ದಳು. ಈ ಭಾಗದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಈಚೆಗೆ ಹಾಕಿಗೆ ಸೇರುತ್ತಿರುವುದರಿಂದ, ಮತ್ತು ಕ್ರಿಕೆಟ್ ನೋಡಿಕೊಂಡು ಬೆಳೆದ ನಮ್ಮಂಥವರಿಗೆ ಈ ಆಟದ ತರಬೇತಿಯಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಗುರುತಿಸುವುದು ಕಷ್ಟವಾದ್ದರಿಂದ, ನಾನು ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ದೂರುಗಳೂ ಇರುವುದರಿಂದ ಕೇಂದ್ರದ ಹೆಸರು ಹೇಳುವುದಿಲ್ಲ. ಬೇರೆ ಕೇಂದ್ರಕ್ಕೆ ಮಕ್ಕಳನ್ನು ಸೇರಿಸುವವರು ಇವನ್ನು ಅಲ್ಲಿ ಕೇಳಬೇಕಾದ ಪ್ರಶ್ನೆಗಳೆಂದು ಓದಿಕೊಳ್ಳಬಹುದು.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಾರದ ಸಣ್ಣ ಗುಂಪಿನ ತರಗತಿಗೆ ಕೊಟ್ಟ ಹಣ ದಂಡವಾಗಲಿಲ್ಲ. ಬೇಸಿಗೆ ಶಿಬಿರಕ್ಕೆ ಇನ್ನೊಮ್ಮೆ ಕಳಿಸುವುದಿಲ್ಲ.

ತಂಡದ ಸಾಮಾನ್ಯ ಅಭ್ಯಾಸದಲ್ಲಿ ಗೋಲ್‌ಕೀಪರ್ ಆದವಳಿಗೆ ಕಲಿಯಲು ಸಿಗುವುದು ಬಹಳ ಕಡಿಮೆ. ಮಕ್ಕಳ ತಂಡಗಳಿಗೆ ಕೋಚ್ ಆಗಿರುವವರು ಹೆಚ್ಚಾಗಿ ಯಾರಾದರೊಬ್ಬ ಆಟಗಾರನ ತಂದೆಯೋ ತಾಯಿಯೋ ಆಗಿರುತ್ತಾರೆ; ಅವರು ತಮ್ಮ ಕಾಲದಲ್ಲಿ ಆಡಿದ್ದು ಫಾರ್ವರ್ಡ್ ಅಥವಾ ಡಿಫೆನ್ಸ್ ಜಾಗದಲ್ಲಿ. ಮಕ್ಕಳು ಸಾಲಾಗಿ ನಿಂತು ಒಬ್ಬರ ಹಿಂದೊಬ್ಬರು ಹೊಡೆಯುತ್ತಾ ಹೋಗುವಾಗ, ಮೊದಲ ಪಕ್ (ಚೆಂಡಿನ ಬದಲು ಬಳಸುವ ಬಿಲ್ಲೆ) ತಡೆದವಳು ಎದ್ದು ನಿಲ್ಲುವಷ್ಟರಲ್ಲಿ ಮೂರನೆಯದು ಬಂದಿರುತ್ತದೆ. ಹೊಡೆಯುವವರಿಗೆ ಅದು ಒಳ್ಳೆಯ ಅಭ್ಯಾಸವೇ. ತಡೆಯುವವಳು ಮಾತ್ರ ಅದರಿಂದ ಹೊಡೆತಕ್ಕೆ ಮುಂಚೆಯೇ ಮೊಣಕಾಲೂರಿ ಕೂತುಬಿಡುವ ಚಾಳಿಯೊಂದನ್ನು ಕಲಿಯುತ್ತಾಳೆ, ಮತ್ತು ಆ ಚಾಳಿಯನ್ನು ಬಿಡಿಸುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಗೋಲಿನ ಅಗಲ ಆರು ಅಡಿ, ಎತ್ತರ ನಾಲ್ಕು ಅಡಿ. ಪಕ್ ಎಂಬುದು ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, ಸುಮಾರು 160 ಗ್ರಾಂ ತೂಕದ ಗಟ್ಟಿ ರಬ್ಬರ್ ಬಿಲ್ಲೆ. ಈ ವಯಸ್ಸಿನ ಮಗು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೊಡೆದರೂ ಹತ್ತು ಮೀಟರ್ ದೂರದಿಂದ ಪಕ್ ಅರ್ಧ ಸೆಕೆಂಡಿನಲ್ಲಿ ಗೋಲು ಮುಟ್ಟುತ್ತದೆ. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್ ಮಟ್ಟದ 160 ಕಿಲೋಮೀಟರ್ ವೇಗದ ಹೊಡೆತಕ್ಕೆ ಕಾಲು ಸೆಕೆಂಡೂ ಬೇಕಿಲ್ಲ. ಕಣ್ಣಿಗೆ ಕಂಡದ್ದಕ್ಕೆ ದೇಹ ಅಲುಗಾಡಲು ಆರಂಭಿಸುವುದಕ್ಕೇ ಸುಮಾರು 0.2 ಸೆಕೆಂಡು ಬೇಕು. ಹೀಗಿರುವಾಗ ಚುರುಕಾದ ಕೈ ಎಂಬುದು ಕೊನೆಯ ಆಸರೆ. ಹೊಡೆತಕ್ಕೆ ಮುನ್ನ ಸರಿಯಾದ ಜಾಗದಲ್ಲಿ, ಪಕ್ಕಿಗೆ ನೇರವಾಗಿ, ಅಲುಗದೆ ನಿಂತಿರುವುದೇ ಗೋಲ್‌ಕೀಪರ್ ಮಾಡಬೇಕಾದ ಕೆಲಸದ ಬಹುಪಾಲು. ವಿಕೆಟ್ ಹಿಂದೆ ನಿಂತವರು ಚೆಂಡಿನ ದಾರಿಗೆ ಮೊದಲು ಕಾಲನ್ನು ಒಯ್ಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ತರಬೇತಿ ಕೇಂದ್ರವನ್ನು ಅಳೆಯುವುದಾದರೆ, ಒಂದು ಗಂಟೆಯಲ್ಲಿ ಮಗು ಎಷ್ಟು ಪಕ್ ತಡೆಯಿತು ಎಂದು ಎಣಿಸುವ ಬದಲು, ಪಕ್ ಬರುವ ಮುಂಚಿನ ಆ ಹೊತ್ತಿಗೆ ಅವರು ಎಷ್ಟು ಗಮನ ಕೊಡುತ್ತಾರೆ ಎಂಬುದನ್ನು ನೋಡಬೇಕು.

ಈ ಪರೀಕ್ಷೆಯಲ್ಲಿ ಕೇಂದ್ರ ಚೆನ್ನಾಗಿಯೇ ಗೆಲ್ಲುತ್ತದೆ. ಇಲ್ಲಿನ ರಿಂಕ್, ಅಂದರೆ ಐಸ್ ಅಂಗಣ, ಪೂರ್ಣ ಅಳತೆಯದಲ್ಲ, ಮೂರನೇ ಒಂದು ಭಾಗವಿರಬಹುದು. ಎರಡು ಕಡೆ ಗೋಲುಗಳಿವೆ. ತರಗತಿಯ ಆರಂಭದ ಹೊತ್ತಿನಲ್ಲಿ ಐಸ್ ಮೇಲೆ ಒಂದು ಪಕ್ಕೂ ಇರುವುದಿಲ್ಲ. ಕಂಬದಿಂದ ಕಂಬಕ್ಕೆ, ಕಂಬದಿಂದ ಕ್ರೀಸಿನ (ಗೋಲಿನ ಮುಂದೆ ಗುರುತಿಸಿದ ಜಾಗದ) ತುದಿಗೆ, ಅಲ್ಲಿಂದ ಹಿಂದಕ್ಕೆ, ಬರೀ ಚಲನೆ. ದೂರಕ್ಕೆ ಹೋಗಬೇಕಾದಾಗ ಒಂದು ಪಾದವನ್ನು ಹೋಗುವ ದಿಕ್ಕಿಗೆ ತಿರುಗಿಸಿ ಇನ್ನೊಂದರಿಂದ ತಳ್ಳುವ ಟಿ-ಪುಶ್, ಹತ್ತಿರದ ಸರಿಯುವಿಕೆಗೆ ಎರಡೂ ಪಾದ ಮುಂದಕ್ಕೇ ಇರುವ ಶಫಲ್. ಪ್ರತಿಯೊಂದರ ಕೊನೆಗೂ ಪೂರ್ತಿ ನಿಲ್ಲಲೇಬೇಕು. ಮುಖ್ಯ ಕೋಚ್ ಹಿಂದೆ ವಿಶ್ವವಿದ್ಯಾಲಯದ ತಂಡದಲ್ಲಿ ಗೋಲು ಕಾದವರು. ಅವರು ಮಕ್ಕಳ ಮುಖಕ್ಕಿಂತ ಹೆಚ್ಚಾಗಿ ನೆಲವನ್ನು ನೋಡುತ್ತಾರೆ. ಯಂತ್ರ ಓಡಿಸಿ ಹೊಸದಾಗಿ ನೀರು ಹಾಸಿದ ಐಸ್ ಮೇಲೆ ಸ್ಕೇಟಿನ ಗೆರೆಗಳು ಸ್ಪಷ್ಟವಾಗಿ ಮೂಡುತ್ತವೆ. ಗೆರೆ ನೇರವಾಗಿದ್ದು ಕೊನೆಯಲ್ಲಿ ಐಸ್ ಕೆರೆದ ಗುರುತಿದ್ದರೆ ಮಗು ಸರಿದು ನಿಂತಿದೆ ಎಂದರ್ಥ. ಗೆರೆ ಬಾಗಿ ಹಾಗೆಯೇ ಮಾಸಿಹೋಗಿದ್ದರೆ ಹೊಡೆತದ ಹೊತ್ತಿಗೆ ಅದು ಇನ್ನೂ ಜಾರುತ್ತಿತ್ತು ಎಂದರ್ಥ. "ನೀನು ನಿಂತೆ ಅಂತೀಯ, ಐಸ್ ಏನು ಹೇಳುತ್ತೆ ನೋಡು" ಎಂದು ಅವರು ನನ್ನ ಮಗಳನ್ನು ಕರೆದು ಅವಳದೇ ಗೆರೆಗಳನ್ನು ಸ್ಟಿಕ್ಕಿನ ತುದಿಯಿಂದ ತೋರಿಸಿದ ಮೇಲೆ, ಈ ಕುರಿತು ಮನೆಯಲ್ಲಿ ನಾನು ಒಂದು ಮಾತೂ ಆಡಬೇಕಾಗಿ ಬರಲಿಲ್ಲ.

ಕೋನ ಕಲಿಸುವ ವಿಧಾನವೂ ಅಷ್ಟೇ ಸರಳವಾದದ್ದು. ಎರಡು ಗೋಲು ಕಂಬಗಳಿಗೂ ಒಂದೊಂದು ಹಗ್ಗ ಕಟ್ಟಿ, ಎರಡರ ತುದಿಗಳನ್ನೂ ಪಕ್ ಇರುವ ಜಾಗಕ್ಕೆ ಎಳೆದು ಹಿಡಿಯುತ್ತಾರೆ. ಆ ತ್ರಿಕೋನದೊಳಗೆ ಗೋಲ್‌ಕೀಪರ್ ಮುಂದೆ ಬಂದಷ್ಟೂ ಹಗ್ಗಗಳು ಅವಳ ಭುಜಗಳಿಗೆ ಹತ್ತಿರವಾಗುತ್ತವೆ, ಅಂದರೆ ಹೊಡೆಯುವವನಿಗೆ ಕಾಣುವ ಗೋಲು ಕಿರಿದಾಗುತ್ತದೆ. ತೀರ ಮುಂದೆ ಬಂದರೆ ಪಕ್ ಪಕ್ಕಕ್ಕೆ ಪಾಸ್ ಆದಾಗ ಅವಳು ಹಿಂದಿರುಗಬೇಕಾದ ದೂರ ಹೆಚ್ಚುತ್ತದೆ. ಅದನ್ನು ತೋರಿಸಲು ಹಗ್ಗದ ತುದಿಯನ್ನು ತಟ್ಟನೆ ಇನ್ನೊಂದು ಬದಿಗೆ ಒಯ್ಯುತ್ತಾರೆ. ಹಲಗೆಯ ಮೇಲೆ ಚಿತ್ರ ಬಿಡಿಸಿ ವಿವರಿಸಿದರೆ ತಲೆಯಾಡಿಸಿ ಮರೆಯುವ ಮಕ್ಕಳು ಇದನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಕಣ್ಣಿನ ಅಭ್ಯಾಸದ ವಿಷಯದಲ್ಲಿ ನನ್ನ ಮೆಚ್ಚುಗೆ ಅರ್ಧ ಮಾತ್ರ. ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ ಮತ್ತು ಡೆರೆಕ್ ಪಾಂಚುಕ್ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೋಲ್‌ಕೀಪರ್‌ಗಳು ಹೊಡೆತಕ್ಕೆ ಮುನ್ನ ಎಲ್ಲಿ ನೋಡುತ್ತಾರೆ ಎಂಬುದನ್ನು ದಾಖಲಿಸಿ, ದೃಷ್ಟಿ ಪಕ್ ಮತ್ತು ಸ್ಟಿಕ್ ಇರುವ ಕಡೆ ಬೇಗ ನೆಟ್ಟು ಹೆಚ್ಚು ಹೊತ್ತು ನಿಲ್ಲುವುದಕ್ಕೂ ಪಕ್ ತಡೆಯುವುದಕ್ಕೂ ಸಂಬಂಧವಿರುವುದನ್ನು ತೋರಿಸಿದ್ದರು. ಕೇಂದ್ರದವರು ಇದನ್ನು ಬಲ್ಲರು. ಪಕ್ಕುಗಳ ಮೇಲೆ ಬಣ್ಣದ ಅಂಕಿ ಬರೆದು, ತಡೆಯುವ ಮುನ್ನ ಅಂಕಿಯನ್ನು ಕೂಗಿ ಹೇಳಿಸುತ್ತಾರೆ. ತಡೆದ ಮೇಲೂ ಪಕ್ ಎಲ್ಲಿಗೆ ಸಿಡಿಯಿತೆಂದು ತಲೆ ತಿರುಗಿಸಿ ನೋಡದಿದ್ದರೆ ಆ ತಡೆ ಲೆಕ್ಕಕ್ಕಿಲ್ಲ. ಇಷ್ಟೆಲ್ಲ ಬಲ್ಲವರು ತರಗತಿಯ ಕೊನೆಯ ಭಾಗವನ್ನು ಪಕ್ ಉಗುಳುವ ಯಂತ್ರದ ಮುಂದೆ ಕಳೆಯುವುದೇಕೆ ಎಂಬುದು ನನಗೆ ಅರ್ಥವಾಗಿಲ್ಲ. ಯಂತ್ರಕ್ಕೆ ಭುಜವಿಲ್ಲ, ಮಣಿಕಟ್ಟಿಲ್ಲ, ಸ್ಟಿಕ್ಕಿನ ಅಲಗು ತೆರೆದಿದೆಯೋ ಮುಚ್ಚಿದೆಯೋ ಎಂಬ ಸುಳಿವಿಲ್ಲ. ಮೊದಲೇ ಓದಿಕೊಳ್ಳಬೇಕಾದ ಎಲ್ಲವೂ ಮಾಯವಾಗಿ, ಉಳಿಯುವುದು ಬರೀ ಬೆಚ್ಚಿಬೀಳುವ ಅಭ್ಯಾಸ. ನಾವು ಕೆಲವು ತಂದೆ-ತಾಯಂದಿರು ಕೇಳಿಕೊಂಡ ಮೇಲೆ ದೊಡ್ಡ ವಯಸ್ಸಿನ ಆಟಗಾರರನ್ನು ಹೊಡೆಯಲು ಕರೆಸಿದರು, ಆದರೆ ಅವರು ಬರದ ವಾರಗಳಲ್ಲಿ ಯಂತ್ರವೇ ಗತಿ. ಕಣ್ಣಿನ ಅಭ್ಯಾಸಕ್ಕೆಂದು, ಕ್ಷಣಕ್ಷಣಕ್ಕೂ ನೋಟವನ್ನು ಮರೆಮಾಡಿ ಬಿಡುವ ಕನ್ನಡಕವೊಂದನ್ನು ಹೆಚ್ಚುವರಿ ಶುಲ್ಕಕ್ಕೆ ಹಾಕಿಸುತ್ತಾರೆ. ಅದನ್ನು ನಾವು ತೆಗೆದುಕೊಳ್ಳಲಿಲ್ಲ.

ಎದ್ದು ನಿಲ್ಲುವುದನ್ನು ಮಾತ್ರ ಇವರಷ್ಟು ಚೆನ್ನಾಗಿ ಕಲಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಪಕ್ ಬಲಕ್ಕೆ ಸಿಡಿದರೆ ಎಡಗಾಲನ್ನು ಮೊದಲು ಊರಿ, ಅದರಿಂದಲೇ ಬಲಕ್ಕೆ ತಳ್ಳಿಕೊಳ್ಳಬೇಕು. ಮಕ್ಕಳಿಗೆ ಸಹಜವಾಗಿ ಬರುವುದು ಇದಕ್ಕೆ ತಿರುಗುಮುರುಗು. ಋತುವಿನ ಆರಂಭದಲ್ಲಿ ನನ್ನ ಮಗಳು ಯಾವ ಕಡೆಗೆ ಪಕ್ ಹೋದರೂ ಬಲಗಾಲಿನಲ್ಲೇ ಏಳುತ್ತಿದ್ದಳು. ಕೋಚ್ ಅವಳ ಬಲ ಪ್ಯಾಡಿನ ಮೇಲೆ ಒಂದು ಟೆನಿಸ್ ಚೆಂಡಿಟ್ಟು, ಅದು ಬೀಳದಂತೆ ಎಡಗಾಲೂರಿ ಏಳು ಎಂದು ಹೇಳಿ ಅದನ್ನು ಬಿಡಿಸಿದರು.

ಇನ್ನು ಕಂಬದ ಬಳಿಯ ಆಟ. ಪಕ್ ಗೋಲಿನ ಹಿಂದೆ ಅಥವಾ ಮೂಲೆಯಲ್ಲಿದ್ದಾಗ, ಕಂಬದ ಕಡೆಯ ಪ್ಯಾಡನ್ನು ಐಸ್ ಮೇಲೆ ಮಲಗಿಸಿ, ಇನ್ನೊಂದು ಕಾಲಿನಿಂದ ಕಂಬಕ್ಕೆ ಒತ್ತಿಕೊಂಡು ಕೂರುವ ಭಂಗಿಗೆ ಆರ್‌ವಿಎಚ್ (ರಿವರ್ಸ್ ವರ್ಟಿಕಲ್-ಹಾರಿಜಾಂಟಲ್) ಎನ್ನುತ್ತಾರೆ. ಲಾಸ್ ಏಂಜಲೀಸ್ ಕಿಂಗ್ಸ್ ತಂಡದಲ್ಲಿದ್ದ ಜೊನಾಥನ್ ಕ್ವಿಕ್ ಮೊದಲಾದವರ ಆಟದಿಂದ ಇದು ಎಲ್ಲೆಡೆ ಹರಡಿತು, ಈಗ ಪ್ರತಿಯೊಂದು ಮಗುವೂ ಇದನ್ನು ಮಾಡಿತೋರಿಸುತ್ತದೆ. ನೆಲದ ಮೇಲಿನ ಪಕ್ಕಿಗೆ ಇದು ಒಳ್ಳೆಯ ತಡೆ. ಆದರೆ ಎತ್ತರ ಕಡಿಮೆಯಿರುವ ಮಗು ಹೀಗೆ ಕೂತಾಗ ಭುಜಕ್ಕೂ ನಾಲ್ಕಡಿ ಎತ್ತರದ ಅಡ್ಡಪಟ್ಟಿಗೂ ನಡುವೆ ದೊಡ್ಡ ಕಿಂಡಿಯೇ ಉಳಿಯುತ್ತದೆ, ಮತ್ತು ಸ್ವಲ್ಪ ಕೈಚಳಕವಿರುವ ಎದುರಾಳಿ ಅಲ್ಲಿಗೇ ಎತ್ತಿ ಹೊಡೆಯುತ್ತಾನೆ. ನಿಂತುಕೊಂಡೇ ಕಂಬ ಕಾಯುವುದನ್ನು ಮೊದಲು ಕಲಿಸಿ, ಇದನ್ನು ಆಮೇಲೆ ಕಲಿಸಬಹುದಿತ್ತು. ಇಲ್ಲಿ ಎಲ್ಲ ಎತ್ತರದ ಮಕ್ಕಳಿಗೂ ಒಂದೇ ಪಾಠ. ಹೊಸ ಸಹಾಯಕ ಕೋಚ್‌ಗಳು ಬಂದಾಗಲಂತೂ ತರಗತಿಯ ಅರ್ಧ ಹೊತ್ತು ಇದರಲ್ಲೇ ಕಳೆಯುತ್ತದೆ.

ಬೇಸಿಗೆ ಶಿಬಿರ ಬೇಡವೆಂದದ್ದಕ್ಕೆ ಕಾರಣ ಸೊಂಟದ ಕೀಲು. ಎರಡೂ ಮೊಣಕಾಲು ಒಳಕ್ಕೆ ಮಡಿಸಿ ನೆಲಕ್ಕೆ ಬಿದ್ದು, ಪ್ಯಾಡುಗಳನ್ನು ಎರಡು ಬದಿಗೂ ಚಾಚುವ ಬಟರ್‌ಫ್ಲೈ ಶೈಲಿಯನ್ನು ಗೋಲ್‌ಕೀಪರ್ ಗ್ಲೆನ್ ಹಾಲ್ ಬಹಳ ಹಿಂದೆಯೇ ಆಡಿದ್ದರೂ, ಅದು ಬೋಧನೆಯ ಕ್ರಮವಾದದ್ದು 1980ರ ದಶಕದಿಂದೀಚೆಗೆ, ಮಾಂಟ್ರಿಯಲ್‌ನಲ್ಲಿ ಪ್ಯಾಟ್ರಿಕ್ ರಾಯ್ ಮತ್ತು ಅವರ ಕೋಚ್ ಫ್ರಾನ್ಸ್ವಾ ಅಲೇರ್ ಜೋಡಿಯ ಪ್ರಭಾವದಿಂದ. ಇವತ್ತು ಇದನ್ನು ಬಿಟ್ಟು ಗೋಲು ಕಾಯುವುದು ಸಾಧ್ಯವಿಲ್ಲ; ಆದರೆ ತೊಡೆಯ ಮೂಳೆಯ ತಲೆಯೂ ಅದು ಕೂರುವ ಗುಳಿಯ ಅಂಚೂ ಒಂದಕ್ಕೊಂದು ತಾಗುವ ತೊಂದರೆ ಈ ಶೈಲಿಯ ಗೋಲ್‌ಕೀಪರ್‌ಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ ಎಂಬುದು ವೈದ್ಯರಿಗೂ ಕೋಚ್‌ಗಳಿಗೂ ಚೆನ್ನಾಗಿ ಗೊತ್ತಿರುವ ಸಂಗತಿ. ಬೆಳೆಯುವ ಮಕ್ಕಳನ್ನು ಬೆಳಿಗ್ಗೆಯೂ ಮಧ್ಯಾಹ್ನವೂ ಐಸ್ ಮೇಲಿಳಿಸಿ, ನಡುವೆ ಜಿಮ್ಮಿನಲ್ಲಿ ಮತ್ತೆ ಅದೇ ಭಂಗಿಯ ಕಸರತ್ತು ಮಾಡಿಸುವುದು ಸರಿಯೆಂದು ನನಗೆ ಅನ್ನಿಸಲಿಲ್ಲ. ಶಿಬಿರದ ಮಧ್ಯದಲ್ಲೇ ಮಗಳು ತೊಡೆಸಂದು ನೋಯುತ್ತಿದೆ ಎಂದಾಗ "ಹಿಗ್ಗಿಸಿದರೆ ಹೋಗುತ್ತೆ" ಎಂಬ ಉತ್ತರ ಬಂತು. ನಾವು ಅವಳನ್ನು ಮನೆಗೆ ಕರೆತಂದೆವು. ನಮ್ಮ ಫಿಸಿಯೋಥೆರಪಿಸ್ಟ್ ಹೇಳಿದ್ದು ವಿಶ್ರಾಂತಿ ಮತ್ತು ಸೊಂಟದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಹೆಚ್ಚು ಹಿಗ್ಗಿಸುವುದನ್ನಲ್ಲ. ಉಳಿದ ದಿನಗಳ ಶುಲ್ಕ ವಾಪಸ್ ಬರಲಿಲ್ಲ, ಮುಂದಿನ ತರಗತಿಗಳಿಗೆ ಹೊಂದಿಸಿಕೊಟ್ಟರು.

ಸಣ್ಣ ಗುಂಪಿನ ಒಂದು ಗಂಟೆಗೆ ಎಪ್ಪತ್ತು ಡಾಲರ್ ಆಸುಪಾಸು ಆಗುತ್ತದೆ, ಒಬ್ಬರಿಗೇ ಬೇಕೆಂದರೆ ಅದರ ಎರಡರಷ್ಟು. ನಾಲ್ಕು ಮಕ್ಕಳ ಗುಂಪು ಎಂದು ಹೇಳಿ ಸೇರಿಸಿಕೊಂಡರೂ, ತಂಡಗಳ ಆಯ್ಕೆ ಹತ್ತಿರವಾದಂತೆ ಆರು ಮಕ್ಕಳಾದದ್ದುಂಟು; ಆಗ ಪ್ರತಿಯೊಬ್ಬರಿಗೂ ಸಿಗುವ ಗಮನ ಕುಗ್ಗಿತೆಂದು ಬೇರೆ ಹೇಳಬೇಕಾಗಿಲ್ಲ. ವಿಡಿಯೋ ವಿಶ್ಲೇಷಣೆಗೆ ಬೇರೆ ಶುಲ್ಕವಿದೆ, ಅದೂ ವಾರ ಕಳೆದು ಬರುತ್ತದೆ. ಪಂದ್ಯವೊಂದನ್ನು ನಾವೇ ಗೋಲಿನ ಹಿಂದಿನ ಗಾಜಿನ ಬಳಿಯಿಂದ ಫೋನಿನಲ್ಲಿ ಚಿತ್ರಿಸಿ ತಂದಾಗ ಮುಖ್ಯ ಕೋಚ್ ತರಗತಿ ಮುಗಿದ ಮೇಲೆ ನಿಂತು ನೋಡಿ ಹೇಳಿದ ಮಾತುಗಳು ಹಣ ಕೊಟ್ಟ ವಿಶ್ಲೇಷಣೆಗಿಂತ ಉಪಯುಕ್ತವಾಗಿದ್ದವು. ತಂಡದ ಕೋಚ್‌ಗೆ ಕೊಡಲೆಂದು ಅವರು ಬರೆದುಕೊಟ್ಟ ಒಂದು ಪುಟದ ಟಿಪ್ಪಣಿಯೂ ಹಾಗೆಯೇ: ಹೊಡೆತಗಳ ನಡುವೆ ಎದ್ದು ನಿಲ್ಲಲು ಹೊತ್ತು ಕೊಡಿ, ಮೊದಲ ಹತ್ತು ನಿಮಿಷ ಎದೆಗಿಂತ ಮೇಲೆ ಹೊಡೆಸಬೇಡಿ ಎಂಬಂಥ ನಾಲ್ಕೈದು ಸಾಲು. ಈ ಟಿಪ್ಪಣಿ ಕೇಳಿದವರಿಗಷ್ಟೇ ಸಿಗುತ್ತದೆ, ಆದ್ದರಿಂದ ಕೇಳಿ ಪಡೆಯಿರಿ.

ಪಕ್ಕದಲ್ಲೇ ಇರುವ ಸಲಕರಣೆಗಳ ಅಂಗಡಿಯ ಬಗ್ಗೆ ಎರಡು ಮಾತು. ಬಾವರ್, ಸಿಸಿಎಂ, ವಾನ್, ಬ್ರಯನ್ಸ್ ಪ್ಯಾಡುಗಳೆಲ್ಲ ಇಲ್ಲಿವೆ, ಅಳತೆಯನ್ನೂ ಸರಿಯಾಗಿ ತೆಗೆಯುತ್ತಾರೆ. ಸ್ಕೇಟ್ ಹಾಕಿಕೊಂಡು ಪ್ಯಾಡ್ ಕಟ್ಟಿ ಮೊಣಕಾಲೂರಿದಾಗ ಮೊಣಕಾಲು ಅದಕ್ಕೆಂದೇ ಇರುವ ಮೆತ್ತೆಯ ನಟ್ಟನಡುವೆ ಕೂರಬೇಕು. ಜಾರಿ ನೆಲಕ್ಕೆ ಬಡಿದರೆ ಆ ಪ್ಯಾಡ್ ಬೇಡ. "ಮುಂದಿನ ವರ್ಷಕ್ಕೂ ಆಗುತ್ತೆ" ಎಂದು ದೊಡ್ಡದನ್ನು ಒಪ್ಪಿಸಲು ನೋಡುತ್ತಾರೆ, ಅದಕ್ಕೆ ಮಣಿಯಬೇಡಿ: ಉದ್ದ ಹೆಚ್ಚಾದ ಪ್ಯಾಡ್ ತೊಟ್ಟ ಮಗು ತಿರುಗುವುದಕ್ಕೇ ಒದ್ದಾಡುತ್ತದೆ. ಪ್ಯಾಡುಗಳನ್ನು ಬಳಸಿದ್ದನ್ನೇ ಕೊಂಡರೂ ನಡೆಯುತ್ತದೆ. ಕೆನಡಾದ ಸುರಕ್ಷಾ ಮಾನದಂಡವಾದ ಸಿಎಸ್‌ಎ ಗುರುತಿರುವ ಮಾಸ್ಕ್ ಮತ್ತು ದೇಶದ ಹಾಕಿ ಆಡಳಿತ ಸಂಸ್ಥೆ ಹಾಕಿ ಕೆನಡಾ ಮಕ್ಕಳಿಗೆ ಕಡ್ಡಾಯ ಮಾಡಿರುವ ಕುತ್ತಿಗೆಯ ರಕ್ಷಣೆಯನ್ನು ಮಾತ್ರ ಹೊಸದಾಗಿಯೇ ಕೊಳ್ಳಿ. ಮನೆಯಲ್ಲಿ ಹಾಸಿಕೊಳ್ಳುವ ಪ್ಲಾಸ್ಟಿಕ್ ಐಸ್ ಹಲಗೆಗಳನ್ನೂ ಮಾರುತ್ತಾರೆ. ಅದರ ಮೇಲೆ ಸ್ಕೇಟ್ ನಿಜವಾದ ಐಸ್‌ಗಿಂತ ಹೆಚ್ಚು ಹಿಡಿಯುತ್ತದೆ, ಅಲಗು ಬೇಗ ಮೊಂಡಾಗುತ್ತದೆ. ನೆಲಮಾಳಿಗೆಯ ಗೋಡೆಗೆ ಟೆನಿಸ್ ಚೆಂಡೆಸೆದು ಒಂಟಿಗೈಯಲ್ಲಿ ಹಿಡಿಯುವ ಅಭ್ಯಾಸ ಅದಕ್ಕಿಂತ ಮೇಲು, ಮತ್ತು ಅದಕ್ಕೆ ಖರ್ಚಿಲ್ಲ.

ಇಷ್ಟರಿಂದ ಮಗಳ ಆಟ ಸುಧಾರಿಸಿತೇ ಎಂದು ಕೇಳಿದರೆ, ಅಂಕಿಗಳನ್ನು ನಾನು ತೋರಿಸುವುದಿಲ್ಲ. ಎನ್‌ಎಚ್‌ಎಲ್‌ನಲ್ಲಿಯೇ ಗೋಲ್‌ಕೀಪರ್‌ಗಳು ಈಚಿನ ಋತುಗಳಲ್ಲಿ ನೂರು ಹೊಡೆತಕ್ಕೆ ಸರಾಸರಿ ತೊಂಬತ್ತರಷ್ಟನ್ನು ತಡೆಯುತ್ತಿದ್ದಾರೆ. ಮಕ್ಕಳ ಪಂದ್ಯದಲ್ಲಿ ಯಾವುದನ್ನು ಹೊಡೆತವೆಂದು ಎಣಿಸುತ್ತಾರೆ ಎಂಬುದೇ ಖಚಿತವಿಲ್ಲದಿರುವಾಗ ಆ ಲೆಕ್ಕಕ್ಕೆ ಬೆಲೆಯಿಲ್ಲ. ನಾನು ಗಮನಿಸುವುದು ಪಕ್ ಎದುರಾಳಿಯ ಸ್ಟಿಕ್ ಬಿಡುವ ಕ್ಷಣದಲ್ಲಿ ಅವಳು ನಿಂತಿದ್ದಾಳೋ ಜಾರುತ್ತಿದ್ದಾಳೋ ಎಂಬುದನ್ನು. ಋತುವಿನ ಆರಂಭದಲ್ಲಿ ಹೆಚ್ಚಾಗಿ ಜಾರುತ್ತಿದ್ದಳು, ಈಗ ಹೆಚ್ಚಾಗಿ ನಿಂತಿರುತ್ತಾಳೆ. ಇದನ್ನು ಕಲಿಸಿದ್ದು ಈ ಕೇಂದ್ರವೇ.

ಹೊಸದಾಗಿ ಆಡಲು ಆರಂಭಿಸಿದ ಏಳೆಂಟು ವರ್ಷದ ಮಕ್ಕಳಿಗೆ ಇಷ್ಟು ಖರ್ಚಿನ ತರಬೇತಿಯ ಅಗತ್ಯವಿಲ್ಲ. ಆ ವಯಸ್ಸಿನಲ್ಲಿ ಸ್ಕೇಟಿಂಗ್ ಕಲಿಯಲಿ, ಎಲ್ಲ ಜಾಗಗಳಲ್ಲೂ ಆಡಲಿ. ಹತ್ತು ದಾಟಿದ ಮೇಲೂ ಗೋಲಿನ ಮುಂದೆಯೇ ನಿಲ್ಲುತ್ತೇನೆ ಎಂದು ಹಟ ಹಿಡಿಯುವ ಮಗುವಿದ್ದರೆ ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ವಾರದ ತರಗತಿಗೆ ಸೇರಿಸಿ. ಸೇರಿಸುವ ಮುನ್ನ ಗುಂಪಿನಲ್ಲಿ ಎಷ್ಟು ಮಕ್ಕಳಿರುತ್ತಾರೆ, ಹೊಡೆಯುವವರು ಮನುಷ್ಯರೋ ಯಂತ್ರವೋ ಎಂಬ ಎರಡನ್ನು ಲಿಖಿತವಾಗಿ ಕೇಳಿಕೊಳ್ಳಿ. ನಾವು ಮುಂದಿನ ಋತುವಿಗೂ ಅದೇ ತರಗತಿಗೆ ಹೆಸರು ಕೊಟ್ಟಿದ್ದೇವೆ. ಬೇಸಿಗೆಯಲ್ಲಿ ಅವಳು ಫುಟ್‌ಬಾಲ್ ಆಡುತ್ತಾಳೆ.