ಪ್ರೊಜೆಸ್ಟರಾನ್ ಇಂಪ್ಲಾಂಟ್: ಔಷಧಿ ಚಲೋ, ದಾರದ್ದೇ ತಲೆಬ್ಯಾನಿ

ಈದು ಮೂರು ತಿಂಗಳಾದರೂ ಬೆದೆಗೆ ಬಾರದ ಆಕಳಿಗೆ ಯೋನಿಯೊಳಗೆ ಇಡುವ, ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ನಿಧಾನಕ್ಕೆ ಬಿಡುವ ಇಂಪ್ಲಾಂಟ್ ಇದು. ಮೊದಲು ದೂರು: ಬಾಲದ ಕೆಳಗೆ ಜೋತುಬೀಳುವ ಆ ನೈಲಾನ್ ದಾರ. ಒಂಟಿ ಆಕಳಾದರೆ ತಂಟೆಯಿಲ್ಲ. ಮಗ್ಗುಲಲ್ಲಿ ಮಣಕ ಕಟ್ಟಿದಿರೋ, ಅದು ನೆಕ್ಕಿ, ಕಚ್ಚಿ, ಎಳೆದು ಬೆಳಗಾಗುವುದರೊಳಗೆ ಇಂಪ್ಲಾಂಟನ್ನು ಸಗಣಿಗೆ ಬೀಳಿಸಿರುತ್ತದೆ. ಎರಡು ಮೂರನೇ ದಿನಕ್ಕೇ ಬಿದ್ದರೆ ಲೆಕ್ಕವೂ ಕೆಟ್ಟಿತು, ದುಡ್ಡೂ ಹೋಯಿತು. ನಾಲ್ಕು ಬೆರಳಷ್ಟು ಬಿಟ್ಟು ದಾರ ಕತ್ತರಿಸಿ. ತೀರ ಗಿಡ್ಡ ಮಾಡಿದರೆ ಒಳಗೆ ಸೇರಿಕೊಂಡು, ತೆಗೆಯುವ ದಿನ ಕೈಹಾಕಿ ಹುಡುಕಬೇಕು. ದಿನಾ ಹಿಂಡಲು ಕೂರುವ ಮುಂಚೆ ಬಾಲ ಎತ್ತಿ ದಾರ ನೋಡುವುದು ರೂಢಿಯಾಗಲಿ.

ಗಬ್ಬ ಇಲ್ಲ, ಗರ್ಭಕೋಶದಲ್ಲಿ ಕೀವಿಲ್ಲ ಎಂದು ಡಾಕ್ಟರು ಕೈಹಾಕಿ ನೋಡಿದ ಮೇಲೆಯೇ ಇಡಿಸಿ. ಸೋಮವಾರ ಬೆಳಿಗ್ಗೆ 10ಕ್ಕೆ ಇಂಪ್ಲಾಂಟ್, ಜೊತೆಗೆ ಅಂಡ ಬಿಡುವಂತೆ ಮಾಡುವ ಬುಸೆರೆಲಿನ್ 10 ಮೈಕ್ರೋಗ್ರಾಂ ಸೂಜಿ. ಮುಂದಿನ ಸೋಮವಾರ ಅದೇ 10ಕ್ಕೆ ತೆಗೆದು, ಬೆದೆ ತರಿಸುವ ಕ್ಲೋಪ್ರೊಸ್ಟೆನಾಲ್ 500 ಮೈಕ್ರೋಗ್ರಾಂ ಸೂಜಿ. 56 ತಾಸಿಗೆ, ಅಂದರೆ ಬುಧವಾರ ಸಂಜೆ 6ಕ್ಕೆ, ಮತ್ತೆ ಬುಸೆರೆಲಿನ್. ಗುರುವಾರ ಬೆಳಿಗ್ಗೆ 10ಕ್ಕೆ ಕೃತಕ ಗರ್ಭಧಾರಣೆ. ಸೋಮವಾರ ಸಂಜೆ 6ಕ್ಕೆ ತೆಗೆದರೆ ಆ ಸೂಜಿ ನಡುರಾತ್ರಿ 2ಕ್ಕೆ ಬೀಳುತ್ತದೆ, ಆಗ ಯಾವ ಡಾಕ್ಟರು ಬಂದಾರು? ತೆಗೆದಾಗ ಬಿಳಿ ಲೋಳೆ ಬಂದರೆ ಗಾಬರಿ ಬೇಡ. ಆದರೆ ಕ್ಲೋಪ್ರೊಸ್ಟೆನಾಲ್ ಮುಟ್ಟಿದವರ ಚರ್ಮದೊಳಗೆ ಇಳಿಯುವ ಔಷಧಿ. ಬಸುರಿಯರು, ಉಬ್ಬಸದವರು ಮುಟ್ಟಬಾರದು.

ಇಷ್ಟು ಬೈದರೂ ಇದನ್ನು ಬಿಡಲು ಮನಸ್ಸಾಗುವುದಿಲ್ಲ. ಈದ ಮೇಲೆ ಮೊದಲ ಅಂಡ ಬಹಳ ಸಲ ಮೂಕಬೆದೆಯಲ್ಲೇ, ಅಂದರೆ ಬೆದೆಯ ಲಕ್ಷಣ ಕಾಣದೆಯೇ, ಬಿಡುಗಡೆಯಾಗಿ ಹೋಗುತ್ತದೆ, ಏಕೆಂದರೆ ಅದಕ್ಕೂ ಮುಂಚೆ ಮೆದುಳಿಗೆ ಪ್ರೊಜೆಸ್ಟರಾನ್ ಸಿಕ್ಕಿರುವುದಿಲ್ಲ. ಏಳು ದಿನ ಇದನ್ನು ಕೊಟ್ಟು ತಟ್ಟನೆ ತೆಗೆದಾಗ ಎಳೆಎಳೆಯಾದ ತಿಳಿಲೋಳೆ, ಕೂಗಾಟ, ಏರಾಟ ಎಲ್ಲ ಕಣ್ಣಿಗೆ ಕಾಣುತ್ತವೆ. ಬೀದರಿನ ದೇವಣಿಯಂಥ ಕರು ಬಿಟ್ಟು ಹಿಂಡುವ ಆಕಳಿಗೆ ಇನ್ನೊಂದು ಕೆಲಸವಿದೆ. ಕರು ಉಣ್ಣುತ್ತಿದ್ದಷ್ಟೂ ಅಂಡ ಬಿಡಿಸುವ ಎಲ್‌ಎಚ್ ಹಾರ್ಮೋನ್ ತಗ್ಗಿರುತ್ತದೆ. ಹಾಗಾಗಿ ಇಂಪ್ಲಾಂಟ್ ತೆಗೆದ ಹೊತ್ತಿನಿಂದ 48 ತಾಸು ಕರುವನ್ನು ತಾಯಿಯ ಕಣ್ಣಿಗೆ ಬೀಳದಂತೆ ಕಟ್ಟಿ. ದೇವಣಿ ಕರುವಿಲ್ಲದೆ ಸುಲಭಕ್ಕೆ ಸೊರೆ ಬಿಡುವುದಿಲ್ಲ. ಉಗುರುಬೆಚ್ಚನೆ ನೀರಿನಿಂದ ಕೆಚ್ಚಲು ತೊಳೆದು, ತಿಕ್ಕಿ, ಬಂದಷ್ಟು ಹಿಂಡಿ. ಇಲ್ಲದಿದ್ದರೆ ಕೆಚ್ಚಲು ಬಾವು ಗ್ಯಾರಂಟಿ. ಹಿಂಡಿದ ಹಾಲನ್ನು ಕರುವಿಗೆ ಬಾಟಲಿಯಲ್ಲಿ ಕುಡಿಸಿ.

ಪಕ್ಕೆಲುಬು ಎಣಿಸುವಂತಿರುವ, ಬರೀ ಜೋಳದ ಕಣಕಿ ಮೇಯುವ ಆಕಳಿಗೆ ಇದನ್ನು ಕೊಳ್ಳಬೇಡಿ. ಆ ದುಡ್ಡು ಮೊದಲು ಹಿಂಡಿಗೆ, ತೊಗರಿ ಹೊಟ್ಟಿಗೆ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣಕ್ಕೆ ಹೋಗಲಿ. ಮೈ ತುಂಬಿದ ಮೇಲೆ ಇಂಪ್ಲಾಂಟ್. ಕಲಬುರಗಿಯ ಏಪ್ರಿಲ್–ಮೇ ಬಿಸಿಲಲ್ಲೂ ಬೇಡ, ಬೆದೆ ಬಂದರೂ ಗಬ್ಬ ನಿಲ್ಲುವುದು ಕಷ್ಟ.

ಗರ್ಭಧಾರಣೆ ಮಾಡಿಸಿದ 18ರಿಂದ 24ನೇ ದಿನದೊಳಗೆ ಬೆದೆ ಮರಳಿದರೆ ಗಬ್ಬ ನಿಂತಿಲ್ಲ ಎಂದರ್ಥ, ಆದರೆ ಚಕ್ರ ಶುರುವಾಗಿದೆ. ಆ ಬೆದೆಗೆ ಮತ್ತೆ ಗರ್ಭಧಾರಣೆ ಮಾಡಿಸಿದರೆ ಸಾಕು, ಎರಡನೇ ಇಂಪ್ಲಾಂಟಿನ ಖರ್ಚು ಉಳಿಯಿತು.