ಡಿಸಿ ಕ್ಲ್ಯಾಂಪ್ ಮೀಟರ್: ಹಳೇ ಕಾರಿನ ಶಾರ್ಟ್ ಹಿಡಿದ ಮೇಲಿನ ಮೂರು ವರ್ಷ

ವೈರು ಕತ್ತರಿಸದೆ ಅದರಲ್ಲಿ ಹರಿಯುವ ಕರೆಂಟು ಅಳೆಯುವ ಈ ಮೀಟರ್ ಕೊಂಡು ಮೂರು ವರ್ಷ ದಾಟಿತು. ಕೊಂಡಿದ್ದು ಒಂದೇ ಒಂದು ಕೆಲಸಕ್ಕೆ. ನಮ್ಮ 2002ರ ಪೆಟ್ರೋಲ್ ಕಾರಿನಲ್ಲಿ ಒಂದು ಶಾರ್ಟ್ ಇತ್ತು. ಯಾವಾಗಲೋ ಬರುತ್ತಿತ್ತು, ಹುಡುಕಲು ಕೂತರೆ ಮಾಯ.

ನಮ್ಮೂರು ತೀರ್ಥಹಳ್ಳಿ ಕಡೆ. ಅಮ್ಮನನ್ನು ತಿಂಗಳಿಗೊಮ್ಮೆ ಮಣಿಪಾಲಕ್ಕೆ ತೋರಿಸಲು ಕರೆದುಕೊಂಡು ಹೋಗಬೇಕು. ವಾಪಸ್ ಬರುವಾಗ ಆಗುಂಬೆ ಘಾಟಿ ಹತ್ತುವ ಹೊತ್ತಿಗೆ ಕತ್ತಲಾಗಿರುತ್ತದೆ. 2022ರ ಜುಲೈನಲ್ಲಿ ಹೀಗೇ ಬರುತ್ತಿದ್ದೆವು. ಸೋಮೇಶ್ವರ ದಾಟಿ ಮೂರೋ ನಾಲ್ಕೋ ತಿರುವು ಹತ್ತಿರಬೇಕು, ಸ್ಪೀಡು ತೋರಿಸುವ ಮೀಟರ್ ಬೋರ್ಡಿನ ಲೈಟು ಪಕ್ಕನೆ ಆರಿತು. ನಮ್ಮ ಕಾರಿನಲ್ಲಿ ಮೀಟರ್ ಲೈಟಿಗೂ ಹಿಂದಿನ ಕೆಂಪು ಲೈಟಿಗೂ ಒಂದೇ ಫ್ಯೂಸ್. ಅಂದರೆ ಹಿಂದೆ ಪೂರ್ತಿ ಕತ್ತಲು. ಹೊರಗೆ ಮಳೆ, ಮಂಜು, ಬೆನ್ನಿಗೇ ಒಂದು ಬಸ್ಸು. ನಾಲ್ಕೂ ಇಂಡಿಕೇಟರ್ ಬೇರೆ ಫ್ಯೂಸಿನಲ್ಲಿದ್ದವು, ಹಾಗಾಗಿ ಅವನ್ನು ಮಿನುಗಿಸಿಕೊಂಡೇ ಆಗುಂಬೆ ಸೇರಿದೆವು. ಆ ಅರ್ಧ ಗಂಟೆ ನನಗೆ ಇವತ್ತಿಗೂ ಮರೆತಿಲ್ಲ.

ಹೊಸ ಫ್ಯೂಸ್ ಹಾಕಿದರೆ ಎಲ್ಲ ಸರಿ. ವಾರಗಟ್ಟಲೆ ಏನೂ ಆಗುವುದಿಲ್ಲ. ಮತ್ತೆ ಒಂದು ರಾತ್ರಿ ಟಪ್ ಅಂತ ಹೋಗುತ್ತದೆ. ನಾಲ್ಕು ತಿಂಗಳಲ್ಲಿ ಆರು ಫ್ಯೂಸ್ ಹೋದವು.

ಲೆಕ್ಕ ಹಾಕಿದರೆ ಹೋಗುವ ಕಾರಣವೇ ಇಲ್ಲ. ಆ ಫ್ಯೂಸು 10 ಆಂಪಿಯರಿನ ಕೆಂಪು ಫ್ಯೂಸು. ಅದರ ಮೇಲೆ ಇರುವುದು 5 ವ್ಯಾಟಿನ ಐದು ಬಲ್ಬು, ಮೀಟರ್ ಬೋರ್ಡಿನ ಪುಟ್ಟ ಬಲ್ಬುಗಳು. ಎಲ್ಲ ಸೇರಿದರೂ ಎರಡೂವರೆ ಆಂಪಿಯರ್ ಆಸುಪಾಸು. ಹಾಗಾದರೆ ಎಲ್ಲೋ ವೈರು ಕಾರಿನ ಕಬ್ಬಿಣದ ಬಾಡಿಗೆ ತಾಗಿ ಅರ್ತ್ ಆಗುತ್ತಿದೆ. ಎಲ್ಲಿ ಅಂತ ಹೇಳುವವರು ಯಾರೂ ಇಲ್ಲ.

ಮೂರು ಕಡೆ ತೋರಿಸಿದೆ. ಒಬ್ಬರು ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರದ ರಬ್ಬರ್ ಕೊಳವೆ ಬಿಚ್ಚಿ ನೋಡಿದರು. ಅದು ಸರಿಯಾದ ಯೋಚನೆಯೇ. ಹಳೇ ಗಾಡಿಯಲ್ಲಿ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ, ಅಲ್ಲೇ ವೈರು ಮುರಿಯುವುದು ಜಾಸ್ತಿ. ನಮ್ಮದರಲ್ಲಿ ಅಲ್ಲಿ ಚೆನ್ನಾಗಿತ್ತು. ಇನ್ನೊಬ್ಬರು ಮಲ್ಟಿಮೀಟರ್ ಹಿಡಿದು ನೋಡಿದರು. ಶಾರ್ಟ್ ಇಲ್ಲದ ಹೊತ್ತಿನಲ್ಲಿ ನೋಡಿದರೆ ಅದು ತಾನೆ ಏನು ಹೇಳೀತು? ಮೂರನೆಯವರು 30 ಆಂಪಿಯರಿನ ಹಸಿರು ಫ್ಯೂಸ್ ಕೈಗಿಟ್ಟು, "ಇದು ಹಾಕ್ಕೊಳ್ಳಿ, ಹೋಗಲ್ಲ" ಅಂದರು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಫ್ಯೂಸ್ ಇರುವುದು ವೈರನ್ನು ಕಾಪಾಡಲು. ಆ ಸಣ್ಣ ವೈರಿನಲ್ಲಿ 30 ಆಂಪಿಯರ್ ಹರಿದರೆ ಫ್ಯೂಸ್ ಉಳಿಯುತ್ತದೆ, ವೈರು ಉರಿಯುತ್ತದೆ. ಉರಿಯುವ ಜಾಗ ಕಾರ್ಪೆಟ್ ಅಡಿಯಲ್ಲಿ, ಪೆಟ್ರೋಲ್ ಟ್ಯಾಂಕಿನ ಹತ್ತಿರ. ಫ್ಯೂಸ್ ಜಾಗಕ್ಕೆ ತಾಮ್ರದ ಎಳೆ ಸುತ್ತಿ ಓಡಿಸುವವರನ್ನೂ ನೋಡಿದ್ದೇನೆ. ಅವರನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ದಾರಿ ತೋರಿಸಿದ್ದು ನಮ್ಮೂರ ಪೇಟೆಯ ಹಳೇ ಆಟೋ ಎಲೆಕ್ಟ್ರಿಷಿಯನ್. "ಮೇಷ್ಟ್ರೇ, ಫ್ಯೂಸ್ ಹೋದ್ಮೇಲೆ ಹುಡುಕಿದ್ರೆ ಏನೂ ಸಿಗಲ್ಲ. ಶಾರ್ಟ್ ಆಗೋವಾಗ ಅದನ್ನ ಹಿಡ್ಕೊಂಡು ನಿಲ್ಲಿಸ್ಬೇಕು" ಅಂದರು. ಸುಟ್ಟ ಫ್ಯೂಸೊಂದರ ಎರಡು ಕಾಲಿಗೆ ವೈರು ಬೆಸುಗೆ ಹಾಕಿ, ಆ ವೈರಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬು ಕಟ್ಟಿಕೊಟ್ಟರು. ಫ್ಯೂಸ್ ಜಾಗಕ್ಕೆ ಇದನ್ನು ಸಿಕ್ಕಿಸುವುದು. ವೈರು ಬಾಡಿಗೆ ತಾಗಿದರೆ ಬಲ್ಬು ಪೂರ್ತಿ ಬೆಳಗುತ್ತದೆ, ಅಷ್ಟೇ. ಅದರ ಮೂಲಕ ಒಂದೂಮುಕ್ಕಾಲು ಆಂಪಿಯರಿಗಿಂತ ಜಾಸ್ತಿ ಹರಿಯುವುದಿಲ್ಲ, ವೈರು ಬಿಸಿಯಾಗುವುದಿಲ್ಲ, ಶಾರ್ಟ್ ಎಷ್ಟು ಹೊತ್ತು ಬೇಕಾದರೂ ಹಾಗೇ ನಿಲ್ಲುತ್ತದೆ. ಆ ಕರೆಂಟು ಎಲ್ಲಿಯವರೆಗೆ ಹೋಗುತ್ತಿದೆ ಅಂತ ನೋಡಲು ಬೇಕಾಗುವುದೇ ಈ ಕ್ಲ್ಯಾಂಪ್ ಮೀಟರ್. ವೈರು ಕತ್ತರಿಸಬೇಕಿಲ್ಲ, ಸಿಪ್ಪೆ ಸುಲಿಯಬೇಕಿಲ್ಲ. ಬಾಯಿ ತೆರೆದು ವೈರನ್ನು ಒಳಗೆ ತೆಗೆದುಕೊಂಡರೆ ಸಾಕು, ಆಂಪಿಯರ್ ತೋರಿಸುತ್ತದೆ.

ಕೊಳ್ಳುವವರು ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಕ್ಲ್ಯಾಂಪ್ ಮೀಟರುಗಳಲ್ಲಿ ಹೆಚ್ಚಿನವು ಎಸಿ ಕರೆಂಟು ಮಾತ್ರ ಅಳೆಯುತ್ತವೆ. ಮನೆ ವೈರಿಂಗಿಗೆ, ತೋಟದ ಮೋಟರಿಗೆ ಅವು ಸಾಕು. ಕಾರಿನ ಬ್ಯಾಟರಿಯ ಕರೆಂಟು ಡಿಸಿ, ಅದಕ್ಕೆ ಪ್ರಯೋಜನವಿಲ್ಲ. ಡಬ್ಬಿಯ ಮೇಲೆ ಡಿಸಿ ಅಂತ ಬರೆದಿದ್ದರೂ ಅದು ಬರೀ ಡಿಸಿ ವೋಲ್ಟಿನ ಮಾತಾಗಿರಬಹುದು. ಡಿಸಿ ಆಂಪಿಯರ್ ಅಂತ ಸ್ಪಷ್ಟವಾಗಿ ಇರಬೇಕು, ಅಂಕಿಯನ್ನು ಸೊನ್ನೆಗೆ ತರುವ ಜೀರೋ ಬಟನ್ ಇರಬೇಕು. ನಾನು 3,200 ರೂಪಾಯಿ ಕೊಟ್ಟೆ. ಆಗ ಜಾಸ್ತಿ ಅನಿಸಿತ್ತು.

ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕಾರು ನಿಲ್ಲಿಸಿ ಶುರು ಮಾಡಿದೆ. ಮುಂದಿನ, ಹಿಂದಿನ, ನಂಬರ್ ಪ್ಲೇಟಿನ ಬಲ್ಬುಗಳನ್ನೆಲ್ಲ ಕಳಚಿದೆ. ಅವು ಇದ್ದರೆ ಕರೆಂಟು ಅವುಗಳ ಮೂಲಕವೂ ಹರಿದು ಗೊಂದಲವಾಗುತ್ತದೆ. ಮೀಟರ್ ಬೋರ್ಡಿನ ಬಲ್ಬು ಕಳಚುವುದು ಕಷ್ಟ, ಬಿಟ್ಟೆ. ಫ್ಯೂಸ್ ಜಾಗಕ್ಕೆ ಬಲ್ಬಿನ ವೈರು ಸಿಕ್ಕಿಸಿ ಪಾರ್ಕಿಂಗ್ ಲೈಟಿನ ಸ್ವಿಚ್ ಹಾಕಿದೆ. ಬಲ್ಬಿನ ಹತ್ತಿರ 0.4 ಆಂಪಿಯರ್, ಅದು ಮೀಟರ್ ಬೋರ್ಡಿನದು. ಹಿಂದಕ್ಕೆ ಹೋಗುವ ವೈರಿನ ಕಟ್ಟಿನಲ್ಲಿ ಸೊನ್ನೆ. ಅಂದರೆ ಆ ಹೊತ್ತಿಗೆ ಶಾರ್ಟ್ ಇಲ್ಲ.

ಡಿಕ್ಕಿ ತೆಗೆದು ಹಾಕಿದೆ. ಬಾಗಿಲುಗಳನ್ನು ಬಡಿದೆ. ಕಾರನ್ನು ಅತ್ತ ಇತ್ತ ಅಲ್ಲಾಡಿಸಿದೆ. ಎಲ್ಲೆಲ್ಲಿ ಕೈ ಹೋಗುತ್ತದೋ ಅಲ್ಲೆಲ್ಲ ವೈರು ಅಲುಗಿಸಿದೆ. ಒಂದೂವರೆ ಗಂಟೆ ಬಲ್ಬು ಕಣ್ಣು ಬಿಡಲಿಲ್ಲ.

ಕಾಫಿಗೆ ಕೂತಾಗ ಹೆಂಡತಿ ಒಂದು ಮಾತು ಹೇಳಿದಳು. "ನೀವೊಬ್ರೇ ಹೋದಾಗ ಯಾವತ್ತಾದ್ರೂ ಹೋಗಿದ್ಯಾ ಫ್ಯೂಸು?" ಯೋಚಿಸಿ ನೋಡಿದೆ. ಇಲ್ಲ. ಆರು ಸಲವೂ ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಮಳೆ, ಘಾಟಿ, ತಿರುವು ಅಂತ ನಾನು ಹುಡುಕುತ್ತಿದ್ದೆ. ಅವೆಲ್ಲ ಅಮ್ಮ ಜೊತೆಗಿದ್ದ ದಿನದ ಸಂಗತಿಗಳು ಅಷ್ಟೇ.

ಅಮ್ಮನನ್ನು ಕರೆದು ಎಂದಿನ ಜಾಗದಲ್ಲಿ, ಹಿಂದೆ ಎಡಗಡೆ, ಕೂರಿಸಿದೆ. "ಸ್ವಲ್ಪ ಬಾಗಿಲ ಕಡೆ ವಾಲು ಅಮ್ಮಾ" ಅಂದೆ. ವಾಲಿದರು. ಡ್ಯಾಶ್‌ಬೋರ್ಡಿನ ಕೆಳಗೆ ಬಲ್ಬು ಝಗ್ ಅಂತ ಹೊತ್ತಿಕೊಂಡಿತು.

ಆಮೇಲಿನದು ಹತ್ತು ನಿಮಿಷದ ಕೆಲಸ. ಅಮ್ಮ ಹಾಗೇ ವಾಲಿ ಕೂತಿದ್ದರು. ಎಡ ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಕಿತ್ತು, ವೈರಿನ ಇಡೀ ಕಟ್ಟಿಗೇ ಮೀಟರ್ ಹಾಕಿದೆ. ಹಳೇ ಕಾರಿನಲ್ಲಿ ಕರೆಂಟು ಬಾಡಿಯ ಮೂಲಕ ವಾಪಸ್ ಬರುತ್ತದೆ, ಆದ್ದರಿಂದ ಬೇರೆಲ್ಲ ಸ್ವಿಚ್ ಆಫ್ ಇದ್ದರೆ ಕಟ್ಟನ್ನು ಒಟ್ಟಿಗೇ ಹಿಡಿಯಬಹುದು. ಮುಂದಿನ ಬಾಗಿಲ ಹತ್ತಿರ 1.7. ನಡುವಿನ ಕಂಬದ ಹತ್ತಿರ 1.7. ಹಿಂದಿನ ಸೀಟು ದಾಟಿ ಚಕ್ರದ ಗೂಡಿನ ಹತ್ತಿರ 0.00. ಈ ಎರಡರ ನಡುವೆ ಇರುವುದು ಸೀಟು ಒಂದೇ.

ಅಮ್ಮನನ್ನು ಇಳಿಸಿ ಸೀಟು ಎತ್ತಿದೆ. ಸೀಟಿನ ಕಬ್ಬಿಣದ ಚೌಕಟ್ಟಿಗೆ ಒಂದು ಕೊಕ್ಕೆ ಇದೆ. ವೈರಿನ ಕಟ್ಟು ಅದರ ಅಡಿಗೆ ಸಿಕ್ಕಿಕೊಂಡಿತ್ತು. ಕಪ್ಪು ಟೇಪು ಸವೆದು ಹೊಳಪಾಗಿತ್ತು. ಅದರೊಳಗೆ ಒಂದು ವೈರಿನ ಸಿಪ್ಪೆ ಅಕ್ಕಿ ಕಾಳಿನಷ್ಟು ಹರಿದು, ತಾಮ್ರದ ಎಳೆಗಳು ಕಾಣುತ್ತಿದ್ದವು. ಎದುರಿಗೆ ಕೊಕ್ಕೆಯ ಬಣ್ಣ ಹೋಗಿ ಮೂರು ಕಪ್ಪು ಚುಕ್ಕೆ, ಕಿಡಿ ಹಾರಿದ ಗುರುತು. ಆ ವರ್ಷದ ಯುಗಾದಿಗೆ ಸೀಟ್ ಕವರ್ ಹಾಕಿಸಿದ್ದೆವು. ಸೀಟು ವಾಪಸ್ ಕೂರಿಸುವಾಗ ಕಟ್ಟು ಅಡಿಗೆ ಹೋಗಿದೆ. ಹಾಕಿದವರು ನೋಡಿಲ್ಲ, ನಾನೂ ನೋಡಿಲ್ಲ.

ಬರೀ ಟೇಪು ಸುತ್ತಿ ಮುಗಿಸಲಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಎರಡು ಇಂಚು ವೈರು ಹೊಸದು ಸೇರಿಸಿ, ಬೆಸುಗೆ ಹಾಕಿಸಿ, ಬಿಸಿ ಮಾಡಿದರೆ ಬಿಗಿಯುವ ಕೊಳವೆ ತೊಡಿಸಿದ್ದಾಯಿತು. ಕಟ್ಟಿಗೆ ಸುಕ್ಕು ಪೈಪು ಹಾಕಿ ಕೊಕ್ಕೆಯಿಂದ ದೂರ ಕಟ್ಟಿದೆವು. ಅವತ್ತು ಹಾಕಿದ ಫ್ಯೂಸ್ ಇವತ್ತಿಗೂ ಹೋಗಿಲ್ಲ.

ಇನ್ನು ಮೀಟರಿನ ತೊಂದರೆಗಳು. ಡಿಸಿಯಲ್ಲಿ ಸೊನ್ನೆ ಸೊನ್ನೆಯಾಗಿ ನಿಲ್ಲುವುದಿಲ್ಲ. ಮೀಟರನ್ನು ಸುಮ್ನೆ ಬೇರೆ ದಿಕ್ಕಿಗೆ ತಿರುಗಿಸಿದರೂ 0.03, 0.05 ಅಂತ ತೋರಿಸುತ್ತದೆ. ಭೂಮಿಯ ಅಯಸ್ಕಾಂತ ಶಕ್ತಿಯೂ ಅದಕ್ಕೆ ಗೊತ್ತಾಗುತ್ತದೆ. ಸ್ಪೀಕರ್ ಹತ್ತಿರ ಇನ್ನೂ ಜಾಸ್ತಿ. ಪ್ರತಿ ಸಲ ಅದೇ ಜಾಗದಲ್ಲಿ, ಅದೇ ದಿಕ್ಕಿನಲ್ಲಿ ಹಿಡಿದು ಜೀರೋ ಒತ್ತಿ, ಆಮೇಲೆ ವೈರಿಗೆ ಹಾಕಬೇಕು. ನಿಂತ ಕಾರು 50 ಮಿಲಿ ಆಂಪಿಯರ್, ಅಂದರೆ 0.05 ಆಂಪಿಯರ್, ಎಳೆಯುತ್ತಿದೆಯಾ, 80 ಎಳೆಯುತ್ತಿದೆಯಾ ಅಂತ ನೋಡಲು ನನ್ನ ಮೀಟರನ್ನು ನಾನು ನಂಬುವುದಿಲ್ಲ. ದೊಡ್ಡ ಸೋರಿಕೆ ಮಾತ್ರ ಸರಿಯಾಗಿ ಹಿಡಿಯುತ್ತದೆ. ಭಾವನ ಕಾರಿನ ಬ್ಯಾಟರಿ ಮೂರು ದಿನಕ್ಕೇ ಇಳಿದುಹೋಗುತ್ತಿತ್ತು. ಮೀಟರ್ ಹಾಕಿದರೆ 0.4 ಆಂಪಿಯರ್. ಡಿಕ್ಕಿಯೊಳಗಿನ 5 ವ್ಯಾಟ್ ಬಲ್ಬು ಮುಚ್ಚಿದ ಮೇಲೂ ಉರಿಯುತ್ತಿತ್ತು. 35 ಆಂಪಿಯರ್ ಅವರ್ ಬ್ಯಾಟರಿ ಇಳಿಯಲು ಅಷ್ಟು ಸಾಕಲ್ವಾ?

ಇನ್ನೊಂದು, ಪರದೆಯ ಅಂಕಿ ನಿಧಾನ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುವ ಶಾರ್ಟ್ ಮೀಟರಿಗೆ ಕಾಣುವುದಿಲ್ಲ, ಬಲ್ಬಿಗೆ ಕಾಣುತ್ತದೆ. ಬಲ್ಬಿಲ್ಲದೆ ಈ ಮೀಟರ್ ಕೊಂಡರೆ ಇಂಥ ಕೆಲಸಕ್ಕೆ ಅರ್ಧ ಉಪಕರಣ ಕೊಂಡಂತೆ. ಆ ಬಲ್ಬು ವಿಪರೀತ ಬಿಸಿಯಾಗುತ್ತದೆ, ಕಾರ್ಪೆಟ್ಟಿಗೂ ಪ್ಲಾಸ್ಟಿಕ್ಕಿಗೂ ತಾಗದಂತೆ ತೂಗುಹಾಕಿ. ನಿಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇದ್ದರೆ ಹಳದಿ ಬಣ್ಣದ ಕನೆಕ್ಟರುಗಳ ತಂಟೆಗೆ ಹೋಗಲೇಬೇಡಿ.

ಮೀಟರಿನ ಬಾಯಿ ದಪ್ಪ, ಫ್ಯೂಸ್ ಬಾಕ್ಸಿನ ಹಿಂದಿನ ಇಕ್ಕಟ್ಟಿಗೆ ಹೋಗುವುದಿಲ್ಲ. ಎರಡನೇ ಮಳೆಗಾಲದಲ್ಲಿ ಸೆಲ್ ಕೂರುವ ಜಾಗದ ತಗಡು ಹಸಿರುಗಟ್ಟಿತು. ಉಜ್ಜಿ ಸರಿ ಮಾಡಿದೆ. ಈಗ ಜೂನ್ ಬಂದರೆ ಸೆಲ್ ಬಿಚ್ಚಿ ಬೇರೆ ಇಡುತ್ತೇನೆ. ಜೊತೆಗೆ ಕೊಟ್ಟ ಚೀಲಕ್ಕೆ ಬೂಷ್ಟು ಹಿಡಿಯಿತು, ಎಸೆದೆ.

ಅಂಗಡಿಯಲ್ಲಿ ಕೊಳ್ಳುವುದಾದರೆ ಅಲ್ಲೇ ನಿಮ್ಮ ಬೈಕಿನ ಬ್ಯಾಟರಿ ವೈರಿಗೆ ಹಾಕಿ ನೋಡಿ. ಎಂಜಿನ್ ಆಫ್ ಇಟ್ಟು ಇಂಡಿಕೇಟರ್ ಹಾಕಿದರೆ ಅಂಕಿ ಏರಿ ಇಳಿಯಬೇಕು. ಏನೂ ತೋರಿಸದಿದ್ದರೆ ಅದು ಎಸಿ ಮೀಟರ್, ವಾಪಸ್ ಕೊಡಿ.

ನಮ್ಮ ಎಲೆಕ್ಟ್ರಿಷಿಯನ್ ಈಗ ಆಗಾಗ ಈ ಮೀಟರ್ ಇಸ್ಕೊಂಡು ಹೋಗುತ್ತಾರೆ. ಹೋದ ವಾರ ಒಂದು ಪಿಕಪ್ಪಿನ ಬ್ರೇಕ್ ಲೈಟಿನ ಶಾರ್ಟ್ ಹಿಡಿದರಂತೆ. ಚಾಸಿಯ ಪಕ್ಕ ಇಲಿ ಕಡಿದಿತ್ತಂತೆ.